ಅತ್ತೆಯ ಹೊಟ್ಟೆಯ ಪಟ

ಮದುವೆಯಾಗಿ ಬಿಜೂರಿನಿಂದ ಕೊಕ್ಕರ್ಣೆಗೆ ಬಂದು ಆರು ತಿಂಗಳಾಗುವಷ್ಟರಲ್ಲಿ ಊರಿನಲ್ಲಿ ನನಗೊಂದು ಹೆಸರು ಬಿದ್ದಿತ್ತು: ಅತ್ತೆಯನ್ನು ಉಪವಾಸ ಕೆಡವಿದ ಸೊಸೆ.

ಅರವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಮನೆಯಲ್ಲಿ ನಾವು ನಾಲ್ಕೇ ಜನ. ಮಾವ ಗದ್ದೆ ನೋಡಿಕೊಳ್ಳುತ್ತಿದ್ದರು, ಸರದಿ ಬಂದಾಗ ದೇವಸ್ಥಾನದ ಪೂಜೆಗೆ ಹೋಗುತ್ತಿದ್ದರು. ನನ್ನವರು ಪ್ರಾಥಮಿಕ ಶಾಲೆಯ ಮಾಸ್ತರು. ಅತ್ತೆಗೆ ಆಗ ಐವತ್ತೈದು ದಾಟಿರಬೇಕು. ಎತ್ತರದ ನಿಲುವು, ಅಗಲ ಭುಜ. ಅವರ ಊಟದ ಬಗ್ಗೆ ಸುತ್ತಲಿನ ಮನೆಗಳಲ್ಲಿ ಕಥೆಗಳೇ ಇದ್ದವು. ನನ್ನನ್ನು ನೋಡಲು ಬಿಜೂರಿಗೆ ಬಂದ ದಿನ ನನ್ನ ಅಮ್ಮ ಹಲಸಿನ ಹಣ್ಣಿನ ಕಡುಬು ಮಾಡಿದ್ದಳು. ಗಂಡಿನ ಕಡೆಯವರೆಲ್ಲ ಸಂಕೋಚದಿಂದ ಒಂದೊಂದು ತಿಂದರೆ ಅತ್ತೆ ಐದು ತಿಂದು, ಆರನೆಯದನ್ನು ಬಾಳೆಯೆಲೆಯಲ್ಲಿ ಕಟ್ಟಿಸಿಕೊಂಡರು. ಹೊರಡುವಾಗ "ಹೆಣ್ಣ್ ಒಪ್ಪಿಗೆ" ಎಂದರು. ಅವತ್ತು ನನ್ನ ಮುಖವನ್ನು ಅವರು ಸರಿಯಾಗಿ ನೋಡಿದ್ದರೋ ಇಲ್ಲವೋ ಎಂದು ನನಗೆ ಈಗಲೂ ಅನುಮಾನ.

ಅಂಥವರು ನಾನು ಅಡುಗೆಮನೆ ವಹಿಸಿಕೊಂಡ ಮೇಲೆ ನಾಲ್ಕು ತುತ್ತು ಉಂಡು ಏಳತೊಡಗಿದರು. ಗಂಡಸರ ಊಟವಾದ ಮೇಲೆ ನಾವಿಬ್ಬರೂ ಎದುರುಬದುರು ಕೂರುತ್ತಿದ್ದೆವು. ಅವರು ಅನ್ನಕ್ಕೆ ಸಾರು ಕಲಸಿ, ಅದನ್ನು ಎಲೆಯ ಆ ಬದಿಯಿಂದ ಈ ಬದಿಗೆ ದೂಡಿ, ಒಂದಿಷ್ಟು ಬಾಯಿಗಿಟ್ಟು ಕೈತೊಳೆಯಲು ಹೊರಡುತ್ತಿದ್ದರು.

"ಅತ್ತೆ, ಖಾರ ಜಾಸ್ತಿ ಆಯ್ತಾ?"

"ಇಲ್ಲೆ ಹೆಣೆ, ಲಾಯ್ಕ್ ಇತ್ತ್."

"ಮತ್ತೆ ಎಂತಕ್ಕೆ ಉಣ್ಣಲಿಲ್ಲೆ?"

"ಹೊಟ್ಟಿ ತುಂಬ್ತ್."

ಮೆಣಸು ಕಡಿಮೆ ಮಾಡಿ ನೋಡಿದೆ. ತೆಂಗಿನಕಾಯಿ ಕಡಿಮೆ ಮಾಡಿದೆ, ಆಮೇಲೆ ಹೆಚ್ಚು ಮಾಡಿದೆ. ಬಿಜೂರಿನ ನಮ್ಮ ಮನೆಯ ಹುಳಿಗೆ ಹುರಿದ ಕೊತ್ತಂಬರಿ ಹೆಚ್ಚು ಬೀಳುತ್ತದೆ; ಅದನ್ನು ಬಿಟ್ಟು ಕೊಕ್ಕರ್ಣೆಯ ಕ್ರಮದಲ್ಲಿ ಮಾಡಿದೆ. ಏನು ಮಾಡಿದರೂ "ಲಾಯ್ಕ್ ಇತ್ತ್". ಏನು ಮಾಡಿದರೂ ನಾಲ್ಕೇ ತುತ್ತು. ಅವರ ರವಿಕೆಯ ತೋಳು ಸಡಿಲವಾಯಿತು, ಕೈಬಳೆಗಳು ಮೊಣಕೈವರೆಗೂ ಜಾರತೊಡಗಿದವು.

ನನ್ನವರಿಗೆ ಒಂದು ಕಡೆ ತಾಯಿ, ಇನ್ನೊಂದು ಕಡೆ ಹೊಸ ಹೆಂಡತಿ. ಮಾತಿನಲ್ಲಿ ಯಾರ ಪಕ್ಷ ವಹಿಸುವುದಕ್ಕೂ ಅವರಿಗೆ ಧೈರ್ಯವಿರಲಿಲ್ಲ. ನನ್ನ ಮನಸ್ಸಿಗೆ ನೋವಾಗಬಾರದೆಂದು ತಾಯಿ ಬಿಡುವ ಪಾಲನ್ನೂ ಮೊದಲೇ ತಾವು ಉಣ್ಣತೊಡಗಿದರು. ಬೆಳಿಗ್ಗೆ ಎಂಟು ದೋಸೆ, ಮಧ್ಯಾಹ್ನ ಮೂರು ಸಲ ಅನ್ನ. ಆರು ತಿಂಗಳಲ್ಲಿ ಅವರ ಗಲ್ಲ ಉಬ್ಬಿತು, ಅಂಗಿಯ ಗುಂಡಿ ಕೂರದಾಯಿತು. ಇದರಿಂದ ನನಗೆ ಉಪಕಾರವೇನೂ ಆಗಲಿಲ್ಲ. ಆಚೆಮನೆ ಅಕ್ಕ ಬಾವಿಕಟ್ಟೆಯ ಹತ್ತಿರ ನಿಂತು, ನನಗೆ ಕೇಳಿಸುವ ಹಾಗೆಯೇ ಹೇಳಿದಳು: "ಗಂಡನ್ನ ಕೊಬ್ಬಿಸಿದ್ಲ್, ಅತ್ತಿನ್ನ ಒಣಗಿಸಿದ್ಲ್. ಬಿಜೂರಿನವ್ರ್ ಬುದ್ವಂತ್ರ್ ಮಾರಾಯ್ತಿ."

ಆಚೆಮನೆ ಅಕ್ಕ ಎಂದರೆ ನಮ್ಮ ಗದ್ದೆಯ ಅಂಚಿನ ಮನೆಯವಳು. ಅತ್ತೆಗಿಂತ ಸ್ವಲ್ಪ ಚಿಕ್ಕವಳು, ದಿನಕ್ಕೆರಡು ಸಲ ನಮ್ಮ ಜಗಲಿಗೆ ಬಂದು ಹೋಗುವವಳು. ಕೆಟ್ಟವಳೆಂದು ನಾನು ಹೇಳಲಾರೆ. ಊರಿಗೆಲ್ಲ ಸುದ್ದಿ ತಲುಪಿಸುವ ಕೆಲಸವನ್ನು ಅವಳು ಶ್ರದ್ಧೆಯಿಂದ ಮಾಡುತ್ತಿದ್ದಳು, ಅಷ್ಟೆ. ಯಾರದೋ ಮನೆಯ ಸಮಾರಾಧನೆಯಲ್ಲೂ ಅತ್ತೆ ಎರಡೇ ತುತ್ತಿಗೆ ಎದ್ದಾಗ ನನಗೆ ಒಳಗೊಳಗೇ ಸಮಾಧಾನವಾಯಿತು: ನೋಡಿ, ಅಲ್ಲಿ ಅಡುಗೆ ನನ್ನದಲ್ಲವಲ್ಲ! ಆದರೆ ಅಕ್ಕನ ಹತ್ತಿರ ಅದಕ್ಕೂ ಉತ್ತರವಿತ್ತು. "ಸೊಸಿ ಅಡ್ಗಿ ಉಂಡ್ ಉಂಡ್ ಹೊಟ್ಟಿಯೇ ಕೆಟ್ಟ್ ಹೋಯ್ತ್ ಅಂಬ್ರ್."

ಒಂದು ದಿನ ಮಧ್ಯಾಹ್ನ, ಮಾವ ಜಗಲಿಯಲ್ಲಿ ಅಡ್ಡಾಗಿದ್ದರು. ಹುಲ್ಲು ತರಲೆಂದು ನಾನು ದನದ ಹಟ್ಟಿಗೆ ಹೋದೆ. ಊಟವಾದ ಕೂಡಲೇ ಅತ್ತೆ "ದನ ಕಂಡ್ ಬತ್ತೆ" ಎಂದು ಎದ್ದು ಹೋಗುವುದು ದಿನದ ಕ್ರಮವಾಗಿತ್ತು. ನಾನು ಅದನ್ನು ಗಮನಕ್ಕೆ ತೆಗೆದುಕೊಂಡಿರಲಿಲ್ಲ. ಹಟ್ಟಿಯ ಮೂಲೆಯಲ್ಲಿ, ಹುಲ್ಲಿನ ಮೇಲೆ, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಅತ್ತೆ ಮುದುಡಿ ಮಲಗಿದ್ದರು. ಹಣೆಯಲ್ಲಿ ಬೆವರು. ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡಿದ್ದರು.

"ಅತ್ತೆ! ಎಂತ ಆಯ್ತ್?"

ಅವರು ಕೈಯೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದರು. ನಾನು ಹತ್ತಿರ ಕುಳಿತು ಬೆನ್ನು ನೀವಿದೆ. ಸುಮಾರು ಹೊತ್ತಾದ ಮೇಲೆ ಅವರ ಕಾಲು ಸಡಿಲವಾಯಿತು. ಎದ್ದು ಕುಳಿತು ಮುಖ ಒರೆಸಿಕೊಂಡರು.

"ಉಂಡ್ ಅರ್ಧ ಗಂಟಿಗೆ ಶುರು ಆತ್ತ್. ಹೊಟ್ಟಿ ಒಳಗೆ ಯಾರೋ ಬಟ್ಟೆ ಹಿಂಡ್ದಂಗೆ. ಕಮ್ಮಿ ಉಂಡ್ರೆ ಕಮ್ಮಿ, ಜಾಸ್ತಿ ಉಂಡ್ರೆ ಜಾಸ್ತಿ. ನಿನ್ನ ಮದ್ವಿ ಆಪುಕ್ ಮುಂಚೆಯೇ ಒಂಚೂರ್ ಒಂಚೂರ್ ಇದ್ದಿತ್ತ್."

"ಮತ್ತೆ ಹೇಳ್ಲಿಲ್ಲೆ ಎಂತಕ್ಕೆ? ಎಲ್ಲರೂ ನನ್ನ ಅಡ್ಗಿ ಅಂದ್ಹೇಳಿ…" ಎನ್ನುವಾಗ ನನಗೆ ಅಳು ಬಂತು. ಸಿಟ್ಟೂ ಬಂತು.

ಅತ್ತೆ ನನ್ನ ಕೈ ಹಿಡಿದರು. "ಹೆಣೆ, ನಾನ್ ಹೊಟ್ಟಿನೋವ್ ಅಂದ್ರೆ ಇವ್ರೆಲ್ಲ ಎಂತ ಹೇಳ್ತ್ರ್ ಗೊತ್ತಿತ್ತಾ? ಹೊಸ ಸೊಸಿ ಕೈಮದ್ದ್ ಹಾಕಿದ್ಲ್ ಅಂಬ್ರ್. ಅಡ್ಗಿ ರುಚಿ ಇಲ್ಲೆ ಅಂದ್ರೆ ಒಂದ್ ವರ್ಷಕ್ಕೆ ಮರೀತ್ರ್. ಮದ್ದ್ ಹಾಕಿದ್ಲ್ ಅಂದ್ರೆ ನೀ ಸಾಯುವರೆಗೂ ಬಿಡುದಿಲ್ಲೆ."

ನಮ್ಮ ಕಡೆ ಅದೊಂದು ಹಳೆಯ ನಂಬಿಕೆ. ಆಗದವರ ಅನ್ನದಲ್ಲಿ ಗುಟ್ಟಾಗಿ ಏನನ್ನೋ ಬೆರೆಸಿ ತಿನ್ನಿಸುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ಒಣಗಿಸುತ್ತದೆ ಎಂದು. ಅದನ್ನು ಕಕ್ಕಿಸುವವರೂ ಅಲ್ಲಲ್ಲಿ ಇದ್ದರು. ಬಾಣಲೆ ನನ್ನ ಕೈಯಲ್ಲಿರುವಾಗ ಸಂಶಯ ಬೇರೆ ಯಾರ ಮೇಲೆ ಬೀಳಬೇಕು? ನನ್ನನ್ನು ದೊಡ್ಡ ಅಪವಾದದಿಂದ ಉಳಿಸಲು ಅತ್ತೆ ಸಣ್ಣ ಅಪವಾದವನ್ನು ನನ್ನ ತಲೆಗೆ ಕಟ್ಟಿದ್ದರು. ಅದಕ್ಕೆ ಅವರು ತೆತ್ತದ್ದು ದಿನಾ ಮಧ್ಯಾಹ್ನ ಹಟ್ಟಿಯಲ್ಲಿ ಒಬ್ಬರೇ ಬಿದ್ದು ಹೊರಳುವುದು. ಹುಲ್ಲಿನ ಮೇಲೆ ಕೂತು ನಾನು ಅಳುತ್ತಲೇ ನಕ್ಕೆ, ಅವರೂ ನಕ್ಕರು. ನಾವಿಬ್ಬರು ಅತ್ತೆ ಸೊಸೆ ಆದದ್ದು ಆ ದಿನವೇ ಎನ್ನಬೇಕು.

"ಯಾರ ಹತ್ರೂ ಹೇಳುಕಾಗ" ಎಂದು ಮಾತು ತೆಗೆದುಕೊಂಡರು. ನಾನು ಒಪ್ಪಿ, ನನ್ನದೇ ಒಂದು ಉಪಾಯ ಹೂಡಿದೆ. ಊಟದ ಹೊತ್ತಿಗೆ ಅವರು ಮೊದಲಿನಂತೆ ನಾಲ್ಕು ತುತ್ತು ಉಣ್ಣಲಿ. ನಡುನಡುವೆ ಒಂದು ಬಟ್ಟಲು ಗಂಜಿತಿಳಿ, ಅರ್ಧ ಬಾಳೆಹಣ್ಣು, ಒಂದು ಗುಟುಕು ಹಾಲು. ದಿನಕ್ಕೆ ಏಳೆಂಟು ಸಲ ಹೀಗೆ ಕದ್ದು ತಿನ್ನಿಸಿದೆ. ನೋವು ತಗ್ಗಿತು, ಹೋಗಲಿಲ್ಲ. ಬೆಣ್ಣೆ ಕದಿಯುವ ಮಕ್ಕಳ ಹಾಗೆ ನಾವಿಬ್ಬರೂ ಒಳಗೋಣೆಯಲ್ಲಿ ಪಿಸುಗುಟ್ಟುತ್ತಿದ್ದುದನ್ನು ಕಂಡು ಮಾವನಿಗೆ ಆಶ್ಚರ್ಯ. "ಇವ್ರಿಬ್ರಿಗೂ ಜಗ್ಳ ಅಂದ್ಹೇಳಿ ಊರೆಲ್ಲ ಸುದ್ದಿ, ಇಲ್ಲ್ ಕಂಡ್ರೆ ಹೀಂಗೆ" ಎಂದು ನನ್ನವರ ಹತ್ತಿರ ಹೇಳಿದರಂತೆ.

ಆದರೆ ಎಷ್ಟು ದಿನ ಮುಚ್ಚಿಡಲಾಗುತ್ತದೆ? ಅತ್ತೆ ಇಳಿಯುತ್ತಲೇ ಹೋದರು. ಊರಿನ ವೈದ್ಯರು ವಾಯು ಎಂದು ಕಷಾಯ ಕೊಟ್ಟರು. ಬ್ರಹ್ಮಾವರದಲ್ಲಿ ಒಬ್ಬ ಡಾಕ್ಟರು ಹೊಟ್ಟೆಹುಣ್ಣಿರಬಹುದೆಂದು ಬಿಳಿ ಪುಡಿ ಕೊಟ್ಟರು. ಕಡೆಗೆ, ಎಕ್ಸ್‌ರೇ ಮೆಷಿನ್ ಇದೆಯೆಂದು ಕೇಳಿ, ಕುಂದಾಪುರದ ಡಾಕ್ಟರೊಬ್ಬರ ಹತ್ತಿರ ಮಾವ ಮತ್ತು ನನ್ನವರು ಅತ್ತೆಯನ್ನು ಕರೆದುಕೊಂಡು ಹೋದರು. ಮನೆ ನೋಡಿಕೊಳ್ಳಲು ನಾನು ಉಳಿದೆ.

ಸಂಜೆ ಬಂದ ಅತ್ತೆ ಅಲ್ಲಿಯ ವರದಿಯನ್ನು ನನಗೊಬ್ಬಳಿಗೇ ಒಪ್ಪಿಸಿದರು. ಬರಿಹೊಟ್ಟೆಯಲ್ಲಿ ಹೋಗಬೇಕಿತ್ತು, ಏಕಾದಶಿ ಮಾಡುವವರಿಗೆ ಅದೇನು ದೊಡ್ಡದು. ಅಲ್ಲಿ ಲೋಟದ ತುಂಬ ಸುಣ್ಣದ ನೀರಿನಂಥ ದಪ್ಪ ದ್ರವ ಕುಡಿಸಿದರಂತೆ. "ಇದ್ ಎಂತದ್ರ ಹಾಲ್?" ಎಂದು ಅತ್ತೆ ಕೇಳಿದ್ದಕ್ಕೆ "ಹಾಲಲ್ಲ ಅಮ್ಮ, ಬೇರಿಯಂ. ಇದು ಹೋದ ದಾರಿಯೆಲ್ಲ ಫೋಟೋದಲ್ಲಿ ಬೆಳ್ಳಗೆ ಕಾಣುತ್ತದೆ" ಎಂದರಂತೆ ಡಾಕ್ಟರು. ಕತ್ತಲೆಕೋಣೆಯಲ್ಲಿ ತಣ್ಣನೆಯ ಹಲಗೆಗೆ ಹೊಟ್ಟೆ ಒತ್ತಿ ನಿಲ್ಲಿಸಿದರಂತೆ. "ಉಸ್ರ್ ಹಿಡೀರಿ ಅಂಬ್ರ್, ಬಿಡಿ ಅಂಬ್ರ್. ಅಷ್ಟೇ. ಸುಣ್ಣ ಹೊಡ್ದ್ ಗೋಡಿ ಹಾಂಗೆ ಆಯ್ದೆ ಒಳಗೆಲ್ಲ."

ಪಟದಲ್ಲಿ ಏನೂ ಸಿಕ್ಕಲಿಲ್ಲ. ಹುಣ್ಣಿಲ್ಲ, ಗಡ್ಡೆಯಿಲ್ಲ, ಎಲ್ಲೂ ಅಡ್ಡಿಯಿಲ್ಲ. ನಮಗೆ ಸಂತೋಷವಾಗಬೇಕಿತ್ತು. ಆದರೆ ಮರುದಿನ ಜಗಲಿಗೆ ಬಂದ ಆಚೆಮನೆ ಅಕ್ಕ ಸುದ್ದಿ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತಾ ಮಾವನಿಗೆ ಹೇಳಿಯೇಬಿಟ್ಟಳು: "ಫೋಟೋದಲ್ಲಿ ಎಂತದೂ ಬೀಳ್ಲಿಲ್ಲೆ ಅಂದ್ರೆ ಮತ್ತೆಂತ? ಕೈಮದ್ದ್ ಫೋಟೋಕ್ಕೆ ಬೀಳುದಿಲ್ಲೆ ಅಂಬ್ರ್. ನಾನ್ ಯಾರ ಹೆಸ್ರೂ ಹೇಳ್ತಿಲ್ಲೆ. ತೆಗ್ಸಿ ಬಿಡಿ, ಒಳ್ಳೇದ್."

ನಾನು ಒಳಬಾಗಿಲಿನ ಹಿಂದೆ ನಿಂತಿದ್ದೆ. ಅತ್ತೆ ಇಷ್ಟು ದಿನ ಹೆದರಿದ್ದು ಇದಕ್ಕೇ. ಮೂರನೆಯ ದಿನ ಮಾವ, ಮದ್ದು ತೆಗೆಯುವವನೊಬ್ಬನ ಊರು ಎಲ್ಲಿ ಎಂದು ನನ್ನವರನ್ನು ವಿಚಾರಿಸಿದರು.

ಅದುವರೆಗೆ ಮಾವನ ಎದುರು ನಿಂತು ನಾನು ಮಾತಾಡಿದವಳಲ್ಲ. ಅವತ್ತು ಜಗಲಿಗೇ ಬಂದೆ. ಅತ್ತೆಗೆ ಕೊಟ್ಟ ಮಾತನ್ನು ಮುರಿದೆ. ಹಟ್ಟಿಯಲ್ಲಿ ಕಂಡದ್ದು, ಉಂಡ ಎಷ್ಟು ಹೊತ್ತಿಗೆ ನೋವು ಬರುತ್ತದೆ, ಗಂಜಿಗೆ ಹೇಗೆ, ಅನ್ನಕ್ಕೆ ಹೇಗೆ, ಎಲ್ಲವನ್ನೂ ಹೇಳಿದೆ. "ಇದನ್ನೆಲ್ಲ ಡಾಕ್ಟರ ಹತ್ತಿರ ಅತ್ತೆ ಹೇಳಿಲ್ಲ. ಹೊಟ್ಟೆ ಸರಿ ಇಲ್ಲ ಅಂತ ಮಾತ್ರ ಹೇಳಿದ್ದಾರೆ. ಇನ್ನೊಂದು ಸಲ ಕುಂದಾಪುರಕ್ಕೆ ಹೋಗುವ, ನಾನೂ ಬರುತ್ತೇನೆ. ಅಲ್ಲೂ ಸಿಕ್ಕದಿದ್ದರೆ ನೀವು ಹೇಳಿದಲ್ಲಿಗೆ ಕರೆದುಕೊಂಡು ಹೋಗಿ."

ಮಾವ ಒಳಗೆ ಕೇಳಿಸುವಂತೆ ಕೂಗಿದರು. "ಹ್ವಾಯ್! ಇವ್ಳ್ ಹೇಳುದ್ ಹೌದಾ?"

ಒಳಗಿನಿಂದ ಅತ್ತೆಯ ದನಿ ಸಣ್ಣಗೆ ಬಂತು. "ಹೌದ್."

ಮಾವ, ಅತ್ತೆ, ನಾನು ಮತ್ತೆ ಕುಂದಾಪುರಕ್ಕೆ ಹೋದೆವು. ಅಲ್ಲಿಯ ಡಾಕ್ಟರು ಕುಳ್ಳನೆಯ ಮನುಷ್ಯ, ಕನ್ನಡಕ ಮೂಗಿನ ತುದಿಗೆ ಇಳಿದಿರುತ್ತಿತ್ತು. ನಾನು ಹೇಳುವಾಗ ಮೊದಲು ಅವರು ಏನೋ ಬರೆಯುತ್ತಾ ಕೇಳುತ್ತಿದ್ದರು. "ಹಸಿವಿಲ್ಲ ಅಂತಲ್ಲ ಡಾಕ್ಟ್ರೇ, ಹಸಿವಿದೆ. ಉಣ್ಣಲಿಕ್ಕೆ ಹೆದರಿಕೆ" ಎಂದಾಗ ಪೆನ್ನು ಕೆಳಗಿಟ್ಟರು.

"ಎಷ್ಟು ಹೊತ್ತಿಗೆ ನೋವು?"

"ಅರ್ಧ ಗಂಟೆಗೆ. ಒಂದು ಗಂಟೆ, ಎರಡು ಗಂಟೆ ಇರುತ್ತದೆ."

"ತುಂಬ ತಿಂದರೆ?"

"ತುಂಬ ಬರುತ್ತದೆ."

ಅತ್ತೆಯನ್ನು ಮಲಗಿಸಿ, ಹೊಕ್ಕುಳಿನ ಮೇಲ್ಗಡೆ ಸ್ಟೆತಸ್ಕೋಪ್ ಇಟ್ಟು, ಕಣ್ಣು ಮುಚ್ಚಿ ಆಲಿಸಿದರು. ಹೊರಗೆ ಪೇಟೆಯ ಬಸ್ಸಿನ ಸದ್ದು. ಎದ್ದು ಹೋಗಿ ಕಿಟಕಿ ಹಾಕಿಬಂದು ಮತ್ತೆ ಆಲಿಸಿದರು. ಆಮೇಲೆ ನನ್ನನ್ನು ಕರೆದು ಅದರ ಕೊಳವೆಗಳನ್ನು ನನ್ನ ಕಿವಿಗಿಟ್ಟರು. ಎದೆಬಡಿತದ ಲಯದಲ್ಲೇ ಸುಯ್, ಸುಯ್ ಎಂದು ಒಂದು ಸದ್ದು. ಗದ್ದೆಯ ಅಂಚಿನಲ್ಲಿ ಸಣ್ಣ ಕಂಡಿಯಿಂದ ನೀರು ಒತ್ತಿ ನುಗ್ಗುವಾಗ ಹಾಗೆ ಕೇಳುತ್ತದೆ. ನಾನು ಹಾಗೆಂದೇ ಹೇಳಿದೆ.

"ಸರಿಯಾಗಿ ಹೇಳಿದಿರಿ" ಎಂದು ಡಾಕ್ಟರು ಕಾಗದದ ಹಿಂಬದಿಯಲ್ಲಿ ಚಿತ್ರ ಬರೆಯತೊಡಗಿದರು. ಮಾವನ ಕಡೆ ತಿರುಗಿ, "ನೋಡಿ, ನಾನು ಹೋದ ಸಲ ತೆಗೆದದ್ದು ಕರುಳಿನ ಫೋಟೋ. ಗದ್ದೆ ಸರಿ ಇದೆ. ಆದರೆ ಗದ್ದೆಗೆ ನೀರು ಬರುವ ತೋಡು ಇದೆಯಲ್ಲ, ಕರುಳಿಗೆ ರಕ್ತ ತರುವ ನಾಳ, ಅದು ಕಟ್ಟಿಕೊಂಡಿದೆ ಅಂತ ನನಗೆ ಅನುಮಾನ. ಸುಮ್ಮನಿರುವಾಗ ಕರುಳಿಗೆ ಸ್ವಲ್ಪ ರಕ್ತ ಸಾಕು. ಊಟ ಇಳಿದ ಮೇಲೆ ಅದಕ್ಕೆ ಕೆಲಸ ಜಾಸ್ತಿ, ರಕ್ತವೂ ಜಾಸ್ತಿ ಬೇಕು. ಅದು ಸಿಗುವುದಿಲ್ಲ, ನೋವು ಬರುತ್ತದೆ" ಎಂದರು.

ಮಾವನಿಗೆ ಬೇರೆ ಏನು ಹೇಳಿದ್ದರೂ ಇಷ್ಟು ಬೇಗ ತಿಳಿಯುತ್ತಿರಲಿಲ್ಲ. "ಹಾಂಗಾರೆ ತೋಡಿನ ಫೋಟೋ ತೆಗೀರಿ" ಎಂದರು.

ಡಾಕ್ಟರು ನಕ್ಕರು. "ಅದಕ್ಕೆ ನನ್ನ ಮೆಷಿನ್ ಸಾಲದು. ರಕ್ತನಾಳದೊಳಗೇ ಒಂದು ಔಷಧಿ ಬಿಟ್ಟು, ಅದು ಓಡುತ್ತಿರುವಾಗಲೇ ಒಂದರ ಮೇಲೊಂದು ಪಟ ಹೊಡೆಯಬೇಕು. ಬೊಂಬಾಯಿಯಲ್ಲಿ ಮಾಡುತ್ತಾರೆ ಅಂತ ಓದಿದ್ದೇನೆ. ನಾನೂ ಕಣ್ಣಾರೆ ನೋಡಿಲ್ಲ. ಕಾಗದ ಬರೆದುಕೊಡುತ್ತೇನೆ, ಹೋಗಿಬನ್ನಿ." ಹಾಗೆಯೇ ಅತ್ತೆಯ ಕೆಂಪು ಹಲ್ಲು ನೋಡಿ, "ಎಲೆಯಡಿಕೆಗೆ ಹೊಗೆಸೊಪ್ಪು ಹಾಕುತ್ತೀರಾ?" ಎಂದು ಕೇಳಿದರು. ಹಾಕುತ್ತಿದ್ದರು, ಹದಿನೈದನೆಯ ವರ್ಷದಿಂದ. "ಇವತ್ತಿಗೆ ಬಿಟ್ಟುಬಿಡಿ" ಎಂದರು. ಅತ್ತೆ ಅವರನ್ನು ನೋಡಿದ ನೋಟ, ಕರುಳು ಹೋದರೂ ಚಿಂತೆಯಿಲ್ಲ ಎನ್ನುವಂತಿತ್ತು.

ಬೊಂಬಾಯಿಯಲ್ಲಿ ಅತ್ತೆಯ ತಮ್ಮ ಹೋಟೆಲೊಂದರ ಮ್ಯಾನೇಜರಾಗಿದ್ದರು. ಯಾರು ಜೊತೆಗೆ ಹೋಗುವುದು ಎಂಬ ಪ್ರಶ್ನೆ ಬಂದಾಗ ಅತ್ತೆ ತಟ್ಟನೆ ಹೇಳಿದರು: "ಗಂಡಸ್ರ್ ಯಾರ್ ಬಂದ್ರೂ ಅಡ್ಡಿಲ್ಲೆ. ಸೊಸಿ ಮಾತ್ರ ಬರ್ಕ್." ಜಗಲಿಯಲ್ಲಿ ಕೂತಿದ್ದ ಆಚೆಮನೆ ಅಕ್ಕನ ಕೈಯಲ್ಲಿ ಅಡಕತ್ತರಿ ಹಾಗೆಯೇ ನಿಂತಿತು.

ನನ್ನವರು ರಜೆ ಹಾಕಿದರು. ಮೂವರೂ ಬಸ್ಸಿನಲ್ಲಿ ಹುಬ್ಬಳ್ಳಿಗೆ, ಅಲ್ಲಿಂದ ರೈಲಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಅತ್ತೆಗೆ ಕಾಡಿದ್ದು ಹೊಟ್ಟೆಯಲ್ಲ, ಹೊಗೆಸೊಪ್ಪು. ಎದುರು ಸೀಟಿನ ಮುದುಕಿ ಎಲೆ ಮಡಚುವುದನ್ನು ಅವರು ನೋಡುತ್ತಾ ಕೂತಿದ್ದರು. ಕಡೆಗೆ ನಾನು ನನ್ನ ಸೀಟು ಬಿಟ್ಟು ನಡುವೆ ಕೂರಬೇಕಾಯಿತು.

ಬೊಂಬಾಯಿಯ ಆಸ್ಪತ್ರೆಯ ಡಾಕ್ಟರುಗಳು ಹಿಂದಿ, ಮರಾಠಿ, ಇಂಗ್ಲಿಷ್ ಆಡುವವರು. ಅತ್ತೆಯ ತಮ್ಮ ಹೋಟೆಲಿನಿಂದ ಬಂದು ನಡುವೆ ನಿಂತು ಕನ್ನಡ ಮಾಡಿ ಹೇಳುತ್ತಿದ್ದರು. ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಗೆಯೊಂದನ್ನು ಮೇಲಕ್ಕೆ ತೂರಿಸುತ್ತಾರೆ, ಅದರಲ್ಲಿ ಔಷಧಿ ಬಿಡುತ್ತಾರೆ, ಎಚ್ಚರವಾಗಿಯೇ ಇರಬೇಕು, ಅಲುಗಾಡಬಾರದು. ಅತ್ತೆ ಎಲ್ಲವನ್ನೂ ಕೇಳಿ, "ಉಪ್ವಾಸ ಇರ್ಕಾ?" ಎಂದು ಮಾತ್ರ ವಿಚಾರಿಸಿದರು. ಇರಬೇಕು ಎಂದರು. "ಹಾಂಗಾರೆ ಸುಲಭ."

ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಹೊರಗಿನ ಬೆಂಚಿನಲ್ಲಿ ಕೂತೆ. ನನ್ನವರು ಆ ಕಡೆ ಈ ಕಡೆ ತಿರುಗಾಡಿದರು. ಬಾಗಿಲಿನಾಚೆ ಧಡ್ ಧಡ್ ಧಡ್ ಎಂದು ಏನೋ ಬಡಿದ ಸದ್ದು ಕೇಳಿತು, ಅದರ ಹಿಂದೆಯೇ ಅತ್ತೆಯ ಕೂಗು: "ಅಯ್ಯಯ್ಯೋ, ಹೊತ್ತ್ಕಂತ್!" ನಾನು ಎದ್ದು ನಿಂತೆ. ಮರುಕ್ಷಣ ಒಳಗೆ ನಗುವಿನ ಸದ್ದು. ಆಮೇಲೆ ಅತ್ತೆಯೇ ವಿವರಿಸಿದರು. ಔಷಧಿ ಬಿಟ್ಟ ಕೂಡಲೇ ಹೊಟ್ಟೆಯಿಂದ ಕಾಲಿನವರೆಗೆ ಬಿಸಿ ಹರಿಯಿತಂತೆ. "ಒಳಗಿಂದ ಎಣ್ಣಿಸ್ನಾನ ಮಾಡ್ಸಿದ್ರ್ ಕಾಣ್. ಮೆಷಿನ್ ಬೇರೆ ಅವಲಕ್ಕಿ ಕುಟ್ಟಿದಂಗೆ ಕುಟ್ಟುತ್ತ್. ಅಲ್ಲಾಡಬೇಡಿ ಅಂದ್ರೆ ಹ್ಯಾಂಗೆ?" ಅವರು ಕೂಗಿದ್ದು ಅರ್ಥವಾಗದೆ ಅಲ್ಲಿದ್ದ ನರ್ಸು ಬಾಯಿಗೆ ನೀರು ಹಿಡಿದಳಂತೆ.

ತೊಡೆಯ ಮೇಲೆ ಮರಳುಚೀಲ ಇಟ್ಟು, ಒಂದು ಹಗಲು ಒಂದು ರಾತ್ರಿ ಮಲಗಿದಲ್ಲೇ ಮಲಗಿಸಿದರು. ಮರುದಿನ ದೊಡ್ಡ ಡಾಕ್ಟರು ನಮ್ಮನ್ನು ಕರೆದರು. ಗೋಡೆಯಲ್ಲಿ ಒಂದು ಬೆಳಕಿನ ಪೆಟ್ಟಿಗೆ. ಅದರ ಮೇಲೆ ಕಪ್ಪು ಹಾಳೆ ಸಿಕ್ಕಿಸಿದರು. ಬದಿಯಿಂದ ತೆಗೆದ ಪಟ. ಬೆನ್ನುಮೂಳೆಯ ಮುಂದೆ ಹೆಬ್ಬೆರಳಿನಷ್ಟು ದಪ್ಪದ ಬಿಳಿ ಕೊಳವೆ, ಅದರಿಂದ ಮುಂದಕ್ಕೆ ಬಾಗಿದ ಕವಲುಗಳು. ಡಾಕ್ಟರು ಪೆನ್ಸಿಲಿನ ತುದಿಯನ್ನು ಒಂದು ಕವಲಿನ ಬುಡಕ್ಕೆ ಮುಟ್ಟಿಸಿದರು. ಅಲ್ಲಿ ಆ ಬಿಳಿಗೆರೆ ನೂಲಿನಷ್ಟು ಸಣ್ಣಗಾಗಿ, ಮುಂದೆ ಮತ್ತೆ ಅಗಲವಾಗಿತ್ತು. ಕುಂದಾಪುರದಲ್ಲಿ ನಾನು ಕಿವಿಯಲ್ಲಿ ಕೇಳಿದ ಸದ್ದು ಅಲ್ಲಿಂದಲೇ ಬರುತ್ತಿತ್ತು.

ನಾನು ಅತ್ತೆಯ ತಮ್ಮನಿಗೆ ಹೇಳಿದೆ, "ಇದು ಊಟದಲ್ಲಿ ಏನಾದರೂ ಹೆಚ್ಚುಕಡಿಮೆಯಾಗಿ ಬಂದದ್ದಾ ಅಂತ ಕೇಳಿ."

ಅವರು ಕೇಳಿದರು. ಡಾಕ್ಟರು ನನ್ನ ಕಡೆ ನೋಡಿ ತಲೆಯಲ್ಲಾಡಿಸಿದರು. ನಾಳದ ಒಳಗೋಡೆಗೆ ಕೊಬ್ಬು, ಸುಣ್ಣ ಕಟ್ಟಿ ಹೀಗಾಗುತ್ತದೆ. ಇದು ತಿಂಗಳುಗಳ ಕೆಲಸವಲ್ಲ, ಹತ್ತಾರು ವರ್ಷಗಳದ್ದು. ತಂಬಾಕು ಇದಕ್ಕೆ ದೊಡ್ಡ ಸ್ನೇಹಿತ, ಎಂದರು.

ಹತ್ತಾರು ವರ್ಷ! ಆಗ ನಾನು ಬಿಜೂರಿನಲ್ಲಿ ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ನನಗೆ ಆ ಬೆಳಕಿನ ಪೆಟ್ಟಿಗೆಯನ್ನೇ ತಬ್ಬಿಕೊಳ್ಳೋಣ ಅನ್ನಿಸಿತು. ವಾರ್ಡಿಗೆ ಓಡಿ ಅತ್ತೆಗೆ ಹೇಳಿದೆ. ಅವರು ಪೂರ್ತಿ ಕೇಳಿ, "ಹೊಗಿಸೊಪ್ಪಿನ ವಿಷಯ ಊರಲ್ಲಿ ಹೇಳ್ಬೇಡ" ಎಂದರು.

ಆಪರೇಷನ್ನಿಗೆ ನಾವು ಹೆದರಲಿಲ್ಲ ಎಂದರೆ ಸುಳ್ಳು. ಕಾಲಿನಿಂದ ಒಂದು ತುಂಡು ನಾಳ ತೆಗೆದು, ಕಟ್ಟಿಕೊಂಡ ಜಾಗವನ್ನು ಬಳಸಿ ಹೋಗುವ ಹಾಗೆ ಹೊಲಿಯುತ್ತಾರೆ, ಜೀವಕ್ಕೆ ಅಪಾಯವೂ ಉಂಟು ಎಂದಿದ್ದರು. ನನ್ನವರು ಅವತ್ತು ಬೆಳಗಿನಿಂದ ಏನೂ ತಿನ್ನಲಿಲ್ಲ. ಮದುವೆಯಾದ ಮೇಲೆ ಅವರು ಉಪವಾಸ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಂಜೆ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಕನ್ನಡ ಬೇಕಾಗದ ಹಾಗೆ ನಕ್ಕರು.

ಹೊಲಿಗೆ ಮಾಗಿ, ತಿನ್ನಬಹುದು ಎಂದು ಅಪ್ಪಣೆಯಾದ ದಿನ ಅತ್ತೆಯ ತಮ್ಮ ಹೋಟೆಲಿನಿಂದ ಇಡ್ಲಿ ತಂದರು. ಆವರೆಗೆ ಹೋಟೆಲಿನ ತಿಂಡಿ ಮುಟ್ಟದವರು ಅತ್ತೆ. "ತಮ್ಮ ತಂದದ್ದ್ ಹೋಟ್ಲದ್ ಅಲ್ಲ" ಎಂದು ತಾವೇ ತೀರ್ಪು ಕೊಟ್ಟುಕೊಂಡು ಒಂದು ಇಡ್ಲಿ ತಿಂದರು. ಆಮೇಲೆ ವಾರ್ಡಿನ ಗೋಡೆಯ ಗಡಿಯಾರ ನೋಡುತ್ತಾ ಕೂತರು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಅರ್ಧ ಗಂಟೆ ಆಗುವಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಪಕ್ಕದ ಮಂಚದ ಗುಜರಾತಿ ಹೆಂಗಸಿಗೂ ವಿಷಯ ಗೊತ್ತಿತ್ತು, ಅವಳೂ ಗಡಿಯಾರ ನೋಡುತ್ತಿದ್ದಳು. ಮುಕ್ಕಾಲು ಗಂಟೆ. ಒಂದು ಗಂಟೆ.

"ಅತ್ತೆ?"

"ಇಲ್ಲೆ."

"ಒಂಚೂರೂ?"

"ಒಂಚೂರೂ ಇಲ್ಲೆ." ಅವರ ಕಣ್ಣು ತುಂಬಿತು. ಆಮೇಲೆ ಡಬ್ಬಿಯ ಕಡೆ ನೋಡಿ, "ಇನ್ನ್ ಎಷ್ಟ್ ಇಡ್ಲಿ ಇತ್ತ್ ಅದ್ರಲ್ಲಿ?" ಎಂದರು.

ಊರಿಗೆ ಮರಳುವಾಗ ಪಟಗಳನ್ನು ದೊಡ್ಡ ಕಂದು ಲಕೋಟೆಯಲ್ಲಿ ಹಾಕಿ ಕೊಟ್ಟರು. ರೈಲಿನಲ್ಲಿ ಅತ್ತೆ ಅದನ್ನು ಯಾರ ಕೈಗೂ ಕೊಡಲಿಲ್ಲ. ಕೊಕ್ಕರ್ಣೆಗೆ ಬಂದ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಜಗಲಿಯಲ್ಲಿ ಚಾಪೆ ಹಾಸಿ ಕೂತು, ಬಂದವರಿಗೆಲ್ಲ ಬಿಸಿಲಿಗೆ ಹಿಡಿದು ತೋರಿಸತೊಡಗಿದರು. ಒಬ್ಬರು ಅದನ್ನು ತಲೆಕೆಳಗಾಗಿ ಹಿಡಿದು ಕೈಮುಗಿದರು. ಇನ್ನೊಬ್ಬರು ಬೆನ್ನುಮೂಳೆಯನ್ನು ಕರುಳು ಎಂದುಕೊಂಡು, "ಎಷ್ಟ್ ನೆಟ್ಟಗಿತ್ತ್!" ಎಂದು ಹೊಗಳಿದರು.

ಆಚೆಮನೆ ಅಕ್ಕ ಬಂದಳು. ಅತ್ತೆ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡರು.

"ಕಾಣ್, ಇದ್ ನನ್ನ ಹೊಟ್ಟಿ. ಇಲ್ಲಿ ನೂಲಿನಂಗೆ ಆಯ್ದಲ್ಲ, ಅದೇ ಕಾಯಿಲಿ. ಇದ್ ಶುರು ಆಪು ಹೊತ್ತಿಗೆ ಈ ಹೆಣ್ಣ್ ಬಿಜೂರಲ್ಲಿ ಕುಂಟಬಿಲ್ಲಿ ಆಡ್ತಿದ್ದಿತ್ತ್. ಎಲ್ಲಾ ಕಡೆ ಸಮಾ ಕಾಣ್, ಮದ್ದ್ ಎಲ್ಲಾದ್ರೂ ಕಂಡ್ರೆ ಹೇಳ್."

ಅಕ್ಕ ನಿಜವಾಗಿಯೂ ಹುಡುಕಿದಳು. ಹಾಳೆಯನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, "ಇಲ್ಲೆ ಅಕ್ಕ, ಕಾಂತಿಲ್ಲೆ" ಎಂದು ಮೆಲ್ಲಗೆ ಕೆಳಗಿಟ್ಟಳು. ಸಂಜೆ ಅವಳು ನಮ್ಮ ಹಿತ್ತಿಲಿನ ಬಾಗಿಲಿಗೆ ಬಂದು, ಒಂದು ಹಿಡಿ ಬಸಳೆ ಸೊಪ್ಪನ್ನು ನನ್ನ ಕೈಗೆ ಕೊಟ್ಟು, ಏನೂ ಹೇಳದೆ ನಿಂತಳು. ನಾನು ಒಳಗೆ ಕರೆದು ಕಾಫಿ ಕೊಟ್ಟೆ. ಎರಡನೆಯ ಲೋಟ ಕುಡಿಯುವಾಗ ಅವಳಿಗೆ ಮಾತು ಬಂತು, ಮತ್ತೆ ನಿಲ್ಲಲಿಲ್ಲ. ಅವತ್ತಿನಿಂದ ಊರಿಗೆಲ್ಲ ಬೊಂಬಾಯಿಯ ಪಟದ ಸುದ್ದಿ ತಲುಪಿಸಿದವಳೂ ಅವಳೇ. ಹೊಗೆಸೊಪ್ಪಿನ ವಿಷಯ ನಾನು ಹೇಳದೆಯೇ ಅವಳಿಗೆ ಹೇಗೋ ಗೊತ್ತಾಗಿತ್ತು, ಅದನ್ನೂ ತಲುಪಿಸಿದಳು.

ಅತ್ತೆಗೆ ಊಟ ಸೇರತೊಡಗಿತು. ಎಷ್ಟು ಸೇರಿತೆಂದರೆ ಎರಡನೆಯ ವಾರಕ್ಕೇ ಎಲೆಯ ಮುಂದೆ ಕೂತು ತುತ್ತು ಬಾಯಿಗಿಟ್ಟು, ನನ್ನ ಮುಖ ನೋಡಿದರು.

"ಹೆಣೆ, ಹುಳಿಗೆ ಇಷ್ಟ್ ಬೆಲ್ಲ ಹಾಕ್ತ್ರಾ ಯಾರಾದ್ರೂ?"

"ಇಷ್ಟು ದಿನ ಲಾಯ್ಕ್ ಇತ್ತ್ ಅಂತಿದ್ರಿ!"

"ನೋವಲ್ಲಿ ರುಚಿ ಯಾರ್ ಕಂಡ್ರ್? ಪಾಪದ ಹೆಣ್ಣ್ ಅಂದ್ಹೇಳಿ ಹೇಳ್ತಿದ್ದೆ. ಸಾರೂ ನೀರಾಯ್ತ್. ನಾಳಿಂದ ನಾನ್ ಪಕ್ಕದಲ್ಲಿ ನಿಂತ್ಕಂತೆ."

ನಿಂತರು. ಹುಳಿಗೆ ಬೆಲ್ಲ ಎಷ್ಟು, ಒಗ್ಗರಣೆಗೆ ಸಾಸಿವೆ ಯಾವಾಗ ಸಿಡಿಯಬೇಕು, ತಂಬುಳಿಗೆ ಕಾಯಿ ಎಷ್ಟು ನುಣ್ಣಗೆ ಎಂದು ಒಂದು ವರ್ಷ ಪಾಠ ನಡೆಯಿತು. ಬೈಗುಳವನ್ನೂ ತಿಂದೆ. ನನ್ನವರು ಈಗ ಎಂಟು ದೋಸೆ ತಿನ್ನಬೇಕಾದ ಅಗತ್ಯವಿರಲಿಲ್ಲ. ಅಂಗಿಯ ಗುಂಡಿಗಳು ಒಂ‌ದೊಂದಾಗಿ ಕೂರತೊಡಗಿದವು.

ಬೊಂಬಾಯಿಯಿಂದ ಬಂದು ತಿಂಗಳು ಕಳೆದ ಮೇಲೆ ಲಕೋಟೆ ಹಿಡಿದುಕೊಂಡು ನಾವಿಬ್ಬರೇ ಕುಂದಾಪುರಕ್ಕೆ ಹೋದೆವು. ಡಾಕ್ಟರು ಪಟವನ್ನು ಕಿಟಕಿಯ ಗಾಜಿಗೆ ಹಿಡಿದರು. ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರ ಹೋಗಿ, ಬಹಳ ಹೊತ್ತು ಅಲ್ಲೇ ನಿಂತಿದ್ದರು. ಹೊರಗೆ ಕಾದಿದ್ದವರು ಬಾಗಿಲಲ್ಲಿ ಇಣುಕುತ್ತಿದ್ದರು. "ಪುಸ್ತಕದಲ್ಲಿ ಓದಿದ್ದೆ. ಅವತ್ತು ಕಿವಿಯಲ್ಲಿ ಕೇಳಿ ಹೇಳಿದೆ. ಸರಿಯೋ ತಪ್ಪೋ, ನಿಮ್ಮನ್ನು ಅಷ್ಟು ದೂರ ಅಟ್ಟಿದೆನಲ್ಲ ಅಂತ ಹೆದರಿಕೆ ಇತ್ತು" ಎಂದರು. ಆಮೇಲೆ ಅತ್ತೆಯ ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು, ನನಗೂ ಕೇಳಿಸಿದರು. ಆ ಸುಯ್ ಎನ್ನುವ ಸದ್ದು ಈಗ ಕೇಳಲಿಲ್ಲ. ಒಂದು ಪಟವನ್ನು ತಮಗೆ ಕೊಡುತ್ತೀರಾ ಎಂದು ಅವರು ಮುಜುಗರದಿಂದ ಕೇಳಿದಾಗ ಅತ್ತೆ ಲಕೋಟೆಯನ್ನೇ ಮುಂದೆ ಚಾಚಿದರು: "ಚಂದ ಇಪ್ಪುದ್ ಒಂದ್ ತಕಣಿ."

ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ಒಂದು ಹೋಟೆಲಿನ ಮುಂದೆ ಗೋಳಿಬಜೆ ಕರಿಯುತ್ತಿದ್ದರು. ಅತ್ತೆ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಕೊಕ್ಕರ್ಣೆಯವರು ಯಾರೂ ಕಾಣಲಿಲ್ಲ.

"ಹೆಣೆ, ಹೋಪನಾ?"

"ಬಸ್ಸ್ ಹೊರಡ್ತದೆ ಅತ್ತೆ."

"ಬಸ್ಸ್ ಇನ್ನೊಂದ್ ಬತ್ತ್."

ಒಳಗೆ ಹೋಗಿ ಮೂಲೆಯ ಬೆಂಚಿನಲ್ಲಿ, ಬೀದಿಗೆ ಬೆನ್ನು ಹಾಕಿ ಕೂತೆವು. ನಾನು ಎರಡು ಪ್ಲೇಟ್ ಹೇಳಿದೆ. ಅತ್ತೆ ಕೈಯೆತ್ತಿ ಹುಡುಗನನ್ನು ತಡೆದು, ಅದನ್ನು ಮೂರು ಮಾಡಿಸಿದರು.